ಬ್ಲ್ಯಾಕ್ ಲೋಕಸ್ಟ್ ಸ್ಟೇವ್: ಬೆನ್ನಿಗೆ ಪೂರ್ತಿ ಅಂಕ, ಹೊಟ್ಟೆಗೆ ಎಚ್ಚರಿಕೆ

ಐದರಲ್ಲಿ ಮರಕ್ಕೆ ನಾಲ್ಕು ಅಂಕ, ಅದರ ಜೊತೆ ಬಂದ ವಿವರಣೆಗೆ ಒಂದು. ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಇಷ್ಟು ಸಾಕು. ಆದರೆ ಓದುವಷ್ಟೂ ತಾಳ್ಮೆ ಇಲ್ಲದವರು ಈ ಮರದ ತಂಟೆಗೆ ಹೋಗದಿರುವುದೇ ಒಳ್ಳೆಯದು.

ನಾನು ತರಿಸಿದ್ದು ಬ್ಲ್ಯಾಕ್ ಲೋಕಸ್ಟ್ ಅನ್ನುವ ಅಮೆರಿಕದ ಮರದ ಆರಡಿ ಉದ್ದದ ಸ್ಟೇವ್. ಬಿಲ್ಲು ಮಾಡಲೆಂದೇ ದಿಮ್ಮಿಗೆ ಬೆಣೆ ಹೊಡೆದು ಸೀಳಿ ಒಣಗಿಸಿದ ತುಂಡಿಗೆ ಬಿಲ್ಲು ಮಾಡುವವರು ಸ್ಟೇವ್ ಅನ್ನುತ್ತಾರೆ. ಗರಗಸದಲ್ಲಿ ಕೊಯ್ದ ಹಲಗೆ ಇದಲ್ಲ. ಬೆಣೆ ಹೊಡೆದರೆ ಮರದ ಎಳೆ ಯಾವ ದಾರಿ ಹಿಡಿದಿದೆಯೋ ಸೀಳೂ ಅದೇ ದಾರಿ ಹಿಡಿಯುತ್ತದೆ. ಗರಗಸಕ್ಕೆ ಆ ಮುಲಾಜಿಲ್ಲ, ಎಳೆಯನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಹಾಗೆ ಕತ್ತರಿಸಿದ ಎಳೆ ಬಿಲ್ಲಿನ ಬೆನ್ನಿನ ಮೇಲೆ, ಅಂದರೆ ಗುರಿಯ ಕಡೆಗಿರುವ ಮುಖದ ಮೇಲೆ, ಎಲ್ಲಿ ಕೊನೆಯಾಗುತ್ತದೋ ಅಲ್ಲಿಂದಲೇ ಬಿಲ್ಲು ಸಿಬಿರೆದ್ದು ಮುರಿಯುತ್ತದೆ. ಹಲಗೆಯಿಂದ ಬಿಲ್ಲು ಮಾಡಲಾಗದು ಅಂತಲ್ಲ, ಮಾಡಿದ್ದೇನೆ. ಆದರೆ ಲೋಕಸ್ಟ್ ಬೇಕೆಂದರೆ ಸೀಳಿದ ತುಂಡನ್ನೇ ಕೇಳಿ.

ಮಾರುವವನ ವಿವರಣೆ ಹೀಗಿತ್ತು: ನೇರ ಇದೆ, ಗಂಟಿಲ್ಲ, ಚೆನ್ನಾಗಿ ಒಣಗಿದೆ, ಹೊಸಬರಿಗೆ ಹೇಳಿ ಮಾಡಿಸಿದ ಮರ. ಮೊದಲೆರಡು ಹೆಚ್ಚುಕಡಿಮೆ ನಿಜ. ಮೂರನೆಯದು ಮುಕ್ಕಾಲು ನಿಜ. ನಾಲ್ಕನೆಯದು ಶುದ್ಧ ಸುಳ್ಳು. ಈ ಬರಹದ ಹೆಚ್ಚಿನ ಪಾಲು ಆ ನಾಲ್ಕನೆಯದರ ಬಗ್ಗೆಯೇ.

ನನ್ನ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ, ಅಂಕ ಕೊಡುವವರು ಯಾರು ಅನ್ನೋದು ಗೊತ್ತಿರಲಿ. ಬಡಗಿ ಕೆಲಸ ಹೊಟ್ಟೆಪಾಡು, ಬಿಲ್ಲು ಮಾಡುವುದು ಹುಚ್ಚು. ಹಿಕರಿ, ಎಲ್ಮ್, ಆಸೇಜ್ ಆರೆಂಜ್ ಮರಗಳಲ್ಲಿ ಬಿಲ್ಲು ಮಾಡಿದ್ದೇನೆ. ಬಲ ಹೆಗಲು ಮೊದಲಿನ ಹಾಗಿಲ್ಲ, ಹಾಗಾಗಿ ಪೂರ್ತಿ ಎಳೆಯಲು ನಲವತ್ತು ಪೌಂಡಿನ ಆಸುಪಾಸು ಬಲ ಬೇಕಾಗುವ ಬಿಲ್ಲು ಮಾತ್ರ ಮಾಡಿಕೊಳ್ಳುತ್ತೇನೆ. ಅರವತ್ತು ಪೌಂಡಿನ ಬೇಟೆ ಬಿಲ್ಲಿಗೆ ಈ ಮರ ಹೇಗೆ ಅಂತ ಕೇಳುವವರಿಗೆ ನನ್ನ ಅನುಭವ ಅರ್ಧ ಉತ್ತರವಷ್ಟೆ.

ಪ್ಯಾಕಿಂಗ್ ಚೆನ್ನಾಗಿತ್ತು. ಎರಡೂ ತುದಿಗೆ ಮೇಣ ಹಚ್ಚಿದ್ದರು, ತೊಗಟೆ ಹಾಗೇ ಇತ್ತು. ಇವೆರಡೂ ಮಾರುವವನಿಗೆ ಕೆಲಸ ಗೊತ್ತು ಅನ್ನೋದರ ಗುರುತು. ಮರದ ನೀರು ಪಕ್ಕಗಳಿಗಿಂತ ಬಹಳ ಬೇಗ ತುದಿಯಿಂದ ಆರುತ್ತದೆ. ತುದಿ ಮುಚ್ಚದಿದ್ದರೆ ಅಲ್ಲಿಂದ ಬಿರುಕು ಒಳಕ್ಕೆ ಓಡುತ್ತದೆ. ತೊಗಟೆಯನ್ನೂ ಅದರ ಕೆಳಗಿನ ಬಿಳಿಮರವನ್ನೂ ಹಸಿಯಲ್ಲೇ ತೆಗೆದು ಹಾಗೇ ಒಣಗಲು ಬಿಟ್ಟರೆ ಬೆನ್ನೂ ಉದ್ದಕ್ಕೆ ಸೀಳುತ್ತದೆ. ಹಸಿಯಲ್ಲಿ ತೆಗೆಯಲೇಬೇಕೆಂದರೆ ತೆಗೆದ ಕೂಡಲೇ ಬೆನ್ನಿಗೆ ಪೂರ್ತಿ ಶೆಲ್ಯಾಕ್ ಅಥವಾ ಮರದ ಅಂಟು ಬಳಿಯಬೇಕು. ನನಗೆ ಬಂದ ತುಂಡಿನಲ್ಲಿ ತುದಿಯ ಬಿರುಕು ಒಂದು ಬೆರಳಿನಷ್ಟು ಮಾತ್ರ. ಅದನ್ನು ಕತ್ತರಿಸಿ ಬಿಸಾಡಿದರೂ ಉದ್ದಕ್ಕೆ ಕೊರತೆ ಆಗಲಿಲ್ಲ.

ಮೊದಲು ನೋಡಬೇಕಾದದ್ದು ಇದು ನಿಜವಾಗಿ ಬ್ಲ್ಯಾಕ್ ಲೋಕಸ್ಟ್ ಹೌದೋ ಅಲ್ಲವೋ ಅನ್ನೋದು. ಹನಿ ಲೋಕಸ್ಟ್ ಅಂತ ಇನ್ನೊಂದು ಮರ ಇದೆ. ಎರಡೂ ಕಾಯಿ ಬಿಡುವ ಒಂದೇ ದೊಡ್ಡ ಕುಟುಂಬದವು, ಎರಡಕ್ಕೂ ಮುಳ್ಳಿದೆ. ಆದರೆ ಕುಲ ಬೇರೆ, ಮರದ ಗುಣವೂ ಬೇರೆ. ಗಿಡ ನಿಂತಿದ್ದಾಗ ಗುರುತು ಹಿಡಿಯುವುದು ಸುಲಭ. ಬ್ಲ್ಯಾಕ್ ಲೋಕಸ್ಟಿನಲ್ಲಿ ಎಲೆ ಹುಟ್ಟುವ ಜಾಗದ ಎರಡೂ ಪಕ್ಕಕ್ಕೆ ಜೋಡಿ ಮುಳ್ಳು, ಹನಿ ಲೋಕಸ್ಟಿನಲ್ಲಿ ಕಾಂಡದ ಮೇಲೇ ಕವಲೊಡೆದ ಉದ್ದುದ್ದ ಮುಳ್ಳು. ಸೀಳಿ ಒಣಗಿಸಿದ ಮೇಲೆ ಮುಳ್ಳೂ ಇಲ್ಲ, ಎಲೆಯೂ ಇಲ್ಲ. ಆಗ ಇರುವ ಉಪಾಯ ಅಲ್ಟ್ರಾವಯೊಲೆಟ್ ಟಾರ್ಚ್. ದೀಪ ಆರಿಸಿ, ಹೊಸದಾಗಿ ಕೆತ್ತಿದ ಜಾಗಕ್ಕೆ ಬೆಳಕು ಬಿಟ್ಟರೆ ಬ್ಲ್ಯಾಕ್ ಲೋಕಸ್ಟಿನ ಚೇಗು, ಅಂದರೆ ಬಿಳಿಮರದ ಒಳಗಿನ ಗಟ್ಟಿ ಮರ, ಹಳದಿ-ಹಸಿರಾಗಿ ಪ್ರಕಾಶಮಾನವಾಗಿ ಹೊಳೆಯುತ್ತದೆ. ಹನಿ ಲೋಕಸ್ಟ್ ಹೊಳೆಯುವುದಿಲ್ಲ. ನನ್ನ ತುಂಡು ಮುಲಾಜಿಲ್ಲದೆ ಹೊಳೆಯಿತು. ಬಿಲ್ಲು ಮಾಡದವರೂ ಒಮ್ಮೆ ನೋಡಬೇಕಾದ ನೋಟ ಅದು, ಪೂರ್ತಿ ಕತ್ತಲಲ್ಲಿ ನೆಲದ ಮೇಲಿನ ಸಿಪ್ಪೆಗಳೂ ಹೊಳೆಯುತ್ತಿದ್ದವು.

ಎರಡನೆಯದು ಹುಳದ ತೂತು. ಈ ಮರಕ್ಕೆಂದೇ ಇರುವ ಲೋಕಸ್ಟ್ ಬೋರರ್ ಅನ್ನುವ ಜೀರುಂಡೆಯ ಮರಿಹುಳು ಚೇಗಿನೊಳಗೆ ಸುರಂಗ ಕೊರೆಯುತ್ತದೆ. ಈ ಮರದ ತವರಾದ ಅಮೆರಿಕದ ಪೂರ್ವಭಾಗದ ಮರ ಕೊಳ್ಳುವವರು ಇದನ್ನು ನೋಡಲೇಬೇಕು. ನನ್ನ ತುಂಡಿನ ಒಂದು ಅಂಚಿನಲ್ಲಿ ಒಂದೇ ಒಂದು ತೂತಿತ್ತು. ತುಂಡು ಮೂರು ಇಂಚು ಅಗಲವಿದ್ದುದರಿಂದ ಬಿಲ್ಲಿನ ಗೆರೆಯನ್ನು ಆ ಕಡೆಯಿಂದ ಈ ಕಡೆ ಸರಿಸಿ ತೂತನ್ನು ಹೊರಗೆ ಬಿಟ್ಟೆ. ವಿವರಣೆಯಲ್ಲಿ ಇದರ ಪ್ರಸ್ತಾಪ ಇರಲಿಲ್ಲ. ದೂರು ಅಂತ ಹೇಳುವಷ್ಟು ದೊಡ್ಡದಲ್ಲ, ಆದರೂ ಹೇಳಬಹುದಿತ್ತು.

ಈ ಮರಕ್ಕೆ ಅತಿ ಹೊಗಳಿಕೆ ಹೊಸದೇನೂ ಅಲ್ಲ. ಫ್ರಾನ್ಸಿನ ಅರಮನೆಯ ತೋಟಗಾರ ಝಾನ್ ರೋಬ್ಯಾಂ ಹೆಸರಿನಿಂದ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕೆ ರೊಬಿನಿಯಾ ಅಂತ ಹೆಸರಿಟ್ಟ. ಅಪಲೇಚಿಯನ್ ಬೆಟ್ಟಗಳ ಮರ ಯೂರೋಪಿನ ತೋಟಗಳಿಗೆ ಬಂದು ಆಗಲೇ ಶತಮಾನ ದಾಟಿತ್ತು. 1820ರ ದಶಕದಲ್ಲಿ ಲೇಖಕ ವಿಲಿಯಂ ಕಾಬೆಟ್ ಇಂಗ್ಲೆಂಡಿನಲ್ಲಿ ಇದರ ಸಸಿಗಳನ್ನು ಇದರಂಥ ಮರ ಇನ್ನೊಂದಿಲ್ಲ ಎಂಬಂತೆ ಹುರುಪಿನಿಂದ ಮಾರಿದ. ಹೊಗಳಲು ಕಾರಣವೂ ಇತ್ತು. ಮಣ್ಣಲ್ಲಿ ಹೂತ ಬೇಲಿಗೂಟ ಎಷ್ಟೋ ವರ್ಷ ಕೊಳೆಯದೆ ನಿಲ್ಲುತ್ತದೆ, ಹಡಗಿನ ಹಲಗೆಗಳನ್ನು ಬಿಗಿಯುವ ಮರದ ಮೊಳೆಗೆ ಇದೇ ಬೇಕು ಅನ್ನುತ್ತಿದ್ದರು. ಇವತ್ತು ಹಂಗೇರಿಯ ಕಾಡಿನಲ್ಲಿ ಸುಮಾರು ಕಾಲುಭಾಗ ಇದೇ ಮರ. ಬಿಲ್ಲಿಗೂ ಇದು ಹೊಸತಲ್ಲ. ಅಪಲೇಚಿಯನ್ ದಕ್ಷಿಣದ ಚೆರೋಕೀ ಜನ ಬ್ಲ್ಯಾಕ್ ಲೋಕಸ್ಟಿನಲ್ಲಿ ಬಿಲ್ಲು ಮಾಡುತ್ತಿದ್ದರು. ಒಳ್ಳೆಯ ಬಿಲ್ಲುಮರ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಹೊಸಬರಿಗೆ ಒಳ್ಳೆಯದೋ ಅನ್ನೋದಷ್ಟೇ ಪ್ರಶ್ನೆ.

ಬೆನ್ನಿನ ಕೆಲಸಕ್ಕೆ ಬರೋಣ. ಬಿಲ್ಲು ಹಿಡಿದಾಗ ಗುರಿಯ ಕಡೆಗಿರುವ ಮುಖ ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನಿನ ಮೇಲೆ ತುದಿಯಿಂದ ತುದಿಯವರೆಗೆ ಒಂದೇ ವರ್ಷದ ಬಳೆ ಹರಿಯದೆ ಇರಬೇಕು. ಇದನ್ನು ಬಳೆ ಬೆನ್ನಟ್ಟುವುದು ಅನ್ನುತ್ತೇವೆ. ಡ್ರಾನೈಫ್, ಅಂದರೆ ಎರಡು ಹಿಡಿಯ ಎಳೆಗತ್ತಿಯಿಂದ ತೊಗಟೆ ತೆಗೆದು, ಅದರ ಕೆಳಗಿನ ಬಿಳಿಮರ ತೆಗೆದು, ಚೇಗಿನಲ್ಲಿ ಒಂದು ದಪ್ಪ ಬಳೆ ಆರಿಸಿಕೊಂಡು ಅದರ ಮೇಲಿನದೆಲ್ಲವನ್ನೂ ಕೀಸಿ ತೆಗೆಯಬೇಕು. ಲೋಕಸ್ಟಿನಲ್ಲಿ ಬಿಳಿಮರ ತೀರ ತೆಳು, ನನ್ನ ತುಂಡಿನಲ್ಲಿ ಬೆರಳಿನ ಅರ್ಧದಷ್ಟೂ ಇರಲಿಲ್ಲ. ಬಿಳಿಮರವನ್ನೇ ಬೆನ್ನಾಗಿ ಉಳಿಸಿಕೊಳ್ಳುವವರೂ ಇದ್ದಾರೆ. ನಾನು ಚೇಗಿಗೇ ಇಳಿಯುತ್ತೇನೆ.

ಈ ಕೆಲಸಕ್ಕೆ ಲೋಕಸ್ಟ್ ನಿಜಕ್ಕೂ ಸುಖ. ವಸಂತದಲ್ಲಿ ಬೆಳೆದ ಮರ ರಂಧ್ರ ರಂಧ್ರವಾಗಿ ತಿಳಿಬಣ್ಣದಲ್ಲಿರುತ್ತದೆ, ಬೇಸಿಗೆಯಲ್ಲಿ ಬೆಳೆದದ್ದು ಗಟ್ಟಿಯಾಗಿ ಹಸಿರು ಬೆರೆತ ಕಂದು. ಎರಡರ ನಡುವಿನ ಗೆರೆ ಕಣ್ಣಿಗೆ ಹೊಡೆದು ಕಾಣುತ್ತದೆ. ಕಣ್ಣಿಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ. ಗಟ್ಟಿಮರದಲ್ಲಿ ಕತ್ತಿ ಸದ್ದಿಲ್ಲದೆ ಉದ್ದ ಸಿಪ್ಪೆ ಎತ್ತುತ್ತದೆ. ವಸಂತದ ಪದರಕ್ಕೆ ತಾಗಿದ ಕ್ಷಣ ಕರಕರ ಅನ್ನುತ್ತದೆ, ಸಿಪ್ಪೆ ಪುಡಿಯಾಗುತ್ತದೆ. ಕರಕರ ಕೇಳಿದ ಕೂಡಲೇ ಕೈ ಹಗುರ ಮಾಡಬೇಕು, ಯಾಕೆಂದರೆ ಕಾಗದದಷ್ಟು ತೆಳುವಾದ ಆ ಪದರದ ಕೆಳಗೇ ನಮಗೆ ಬೇಕಾದ ಬಳೆ ಇರುವುದು. ಅಲ್ಲಿಂದ ಮುಂದೆ ಡ್ರಾನೈಫ್ ಬಿಟ್ಟು ಕ್ಯಾಬಿನೆಟ್ ಸ್ಕ್ರೇಪರ್, ಅಂದರೆ ಕೀಸುವ ತೆಳು ಉಕ್ಕಿನ ಪಟ್ಟಿ, ಹಿಡಿಯುತ್ತೇನೆ. ಒಂದೇ ದೀಪವನ್ನು ಪಕ್ಕದಲ್ಲಿ ತಗ್ಗಾಗಿ ಇಟ್ಟುಕೊಂಡರೆ ವಸಂತದ ಪದರದ ಚೂರು ಉಳಿದ ಜಾಗವೆಲ್ಲ ಮಂಕಾಗಿ, ಬಳೆ ತೆರೆದುಕೊಂಡ ಜಾಗ ಹೊಳಪಾಗಿ ಕಾಣುತ್ತದೆ. ಮೇಲಿನಿಂದ ಬೀಳುವ ಟ್ಯೂಬ್‌ಲೈಟಿನಲ್ಲಿ ಇದು ಕಾಣುವುದಿಲ್ಲ.

ನನ್ನ ತುಂಡಿನ ಬಳೆಗಳು ಸರಾಸರಿ ಮೂರು ಮಿಲಿಮೀಟರ್ ದಪ್ಪ, ಅದರಲ್ಲಿ ವಸಂತದ ಪಾಲು ತೀರ ಕಡಿಮೆ. ಇದಕ್ಕಿಂತ ಒಳ್ಳೆಯದು ಕೇಳುವಂತಿಲ್ಲ. ಕಾಗದದಂಥ ಬಳೆಗಳ ಮರ ಬಂದಿದ್ದರೆ ಇಷ್ಟೇ ಕೆಲಸ ಮೂರುಪಟ್ಟು ಹೊತ್ತು ತಿನ್ನುತ್ತಿತ್ತು. ಗಂಟಿಲ್ಲ ಅಂದಿದ್ದರೂ ಸೂಜಿತಲೆಯಷ್ಟು ಎರಡು ಗಂಟುಗಳಿದ್ದವು. ಅವು ಇರುವಲ್ಲಿ ಬಳೆ ಸಣ್ಣ ದಿಬ್ಬದಂತೆ ಮೇಲೇಳುತ್ತದೆ. ಆ ದಿಬ್ಬವನ್ನು ಸಪಾಟು ಮಾಡದೆ ಅದರ ಏರಿಳಿತಕ್ಕೇ ಸ್ಕ್ರೇಪರ್ ಆಡಿಸಿ ಬಿಟ್ಟೆ. ಮರದ ಬೆನ್ನು ಎಷ್ಟು ಉಬ್ಬಾಗಿದೆ ಅನ್ನೋದೂ ಮುಖ್ಯ. ಸಣ್ಣ ದಿಮ್ಮಿಯ ಸ್ಟೇವಿನ ಬೆನ್ನು ಕಮಾನಾಗಿರುತ್ತದೆ, ಹಿಗ್ಗುವ ಭಾರವೆಲ್ಲ ನಡುವಿನ ನೆತ್ತಿಯ ಮೇಲೇ ಬೀಳುತ್ತದೆ. ಇದು ಸಾಕಷ್ಟು ದೊಡ್ಡ ದಿಮ್ಮಿಯದು, ಬೆನ್ನು ಹೆಚ್ಚುಕಡಿಮೆ ಸಪಾಟು. ಬೆನ್ನಿಗೆ ಪೂರ್ತಿ ಅಂಕ ಕೊಟ್ಟದ್ದು ಇದಕ್ಕೇ. ಲೋಕಸ್ಟ್ ಹಿಗ್ಗುವುದರಲ್ಲಿ ಬಲು ಗಟ್ಟಿ, ಒಂದೇ ಬಳೆ ಅಖಂಡವಾಗಿ ಉಳಿದಿದ್ದರೆ ಈ ಬೆನ್ನು ಹರಿಯುವುದು ಅಪರೂಪ.

ಈಗ ಹೊಟ್ಟೆ. ಇಲ್ಲಿಯೇ ಲೋಕಸ್ಟ್ ಕೈ ಕೊಡುವುದು.

ಮರದ ಕೋಷ್ಟಕ ಎದುರಿಗಿಟ್ಟುಕೊಂಡರೆ ಇದು ಅರ್ಥವೇ ಆಗುವುದಿಲ್ಲ. ಒಣಗಿದ ಬ್ಲ್ಯಾಕ್ ಲೋಕಸ್ಟ್ ಒಂದು ಘನ ಮೀಟರಿಗೆ ಸುಮಾರು 770 ಕಿಲೋ ತೂಗುತ್ತದೆ, ಜಂಕಾ ಗಡಸುತನ (ಉಕ್ಕಿನ ಗುಂಡೊಂದನ್ನು ಮರದೊಳಗೆ ಅರ್ಧ ಒತ್ತಲು ಬೇಕಾದ ಬಲ) 1,700 ಪೌಂಡ್, ಎಳೆಗುಂಟ ಒತ್ತಿದರೆ ಸುಮಾರು 70 ಮೆಗಾಪಾಸ್ಕಲ್‌ವರೆಗೆ ತಡೆಯುತ್ತದೆ. ಬಿಲ್ಲಿನ ಹೊಟ್ಟೆಗೆ ಹೆಸರಾದ ಪೆಸಿಫಿಕ್ ಯೂ ಮರ ತಡೆಯುವುದು ಸುಮಾರು 56 ಮಾತ್ರ. ಹಾಗಾದರೆ ಲೋಕಸ್ಟ್ ಗೆಲ್ಲಬೇಕಲ್ಲ? ಗೆಲ್ಲುವುದಿಲ್ಲ. ಬಿಲ್ಲಿನಲ್ಲಿ ನಾವು ಮರಕ್ಕೆ ಇಂತಿಷ್ಟು ಭಾರ ಹೊರು ಅನ್ನುವುದಿಲ್ಲ, ಇಂತಿಷ್ಟು ಬಾಗು ಅನ್ನುತ್ತೇವೆ. ಲೋಕಸ್ಟಿನ ಬಿಗಿತ ಸುಮಾರು 14 ಗಿಗಾಪಾಸ್ಕಲ್, ಆ ಯೂ ಮರದ್ದು ಒಂಬತ್ತು ಚಿಲ್ಲರೆ. ಬಿಗಿ ಮರವನ್ನು ಅಷ್ಟೇ ಬಾಗಿಸಿದರೆ ಒಳಗೆ ಏಳುವ ಒತ್ತಡ ಜಾಸ್ತಿ. 70ನ್ನು 14ರಿಂದಲೂ 56ನ್ನು 9.3ರಿಂದಲೂ ಭಾಗಿಸಿ ನೋಡಿ: ಲೋಕಸ್ಟಿಗೆ 5, ಯೂಗೆ 6. ಸೋಲುವ ಮೊದಲು ಎಷ್ಟು ಕುಗ್ಗಬಲ್ಲದು ಅನ್ನೋದಕ್ಕೆ ಇದು ಒರಟು ಅಳತೆ. ಯೂಗಿಂತ ಲೋಕಸ್ಟ್ ಬೇಗ ಸೋಲುತ್ತದೆ. ಅತ್ತ ಬೆನ್ನು ಅಷ್ಟು ಗಟ್ಟಿಯಾಗಿರುವುದೂ ಹೊಟ್ಟೆಗೆ ಶಾಪವೇ, ಯಾಕೆಂದರೆ ಹಿಗ್ಗಲು ಒಪ್ಪದ ಬೆನ್ನು ಭಾರವನ್ನೆಲ್ಲ ಹೊಟ್ಟೆಯ ಮೇಲೆ ಹೇರುತ್ತದೆ.

ಸೋತಾಗ ಏನಾಗುತ್ತದೆ ಅಂತ ಗೆಳೆಯನೊಬ್ಬನ ಬಿಲ್ಲಿನಲ್ಲಿ ನೋಡಿದ್ದೇನೆ. ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು, ಅಂಗೈ ಮಡಚಿದಾಗ ಬೆರಳ ಬುಡದಲ್ಲಿ ಬೀಳುವ ಗೆರೆಯ ಹಾಗೆ. ಉಗುರು ಎಳೆದರೆ ತಟ್ಟುತ್ತದೆ. ಇದಕ್ಕೆ ಕ್ರಿಸಲ್ ಅನ್ನುತ್ತಾರೆ. ಮರದ ನಾರು ಒತ್ತಡ ತಾಳದೆ ಅಲ್ಲಲ್ಲೇ ಮಡಚಿಕೊಂಡ ಗುರುತು ಅದು. ಬಿಲ್ಲು ಕೂಡಲೇ ಮುರಿಯುವುದಿಲ್ಲ. ಮಡಚಿದ ಜಾಗ ಮೆತ್ತಗಾಗುತ್ತದೆ, ಮೆತ್ತಗಾದಲ್ಲಿ ಇನ್ನಷ್ಟು ಬಾಗುತ್ತದೆ, ಬಾಗಿದಲ್ಲಿ ಇನ್ನಷ್ಟು ಗೆರೆ ಬೀಳುತ್ತದೆ. ಅವನ ಬಿಲ್ಲು ಈಗ ಗೋಡೆಯ ಮೇಲಿದೆ. ಚಂದ ಕಾಣುತ್ತದೆ, ಅದು ಬೇರೆ.

ಅವನು ಹೀಗೆ ಕೆಟ್ಟದ್ದಕ್ಕೂ ನನ್ನ ಸ್ಟೇವಿನ ಜೊತೆ ಬಂದ ಕರಪತ್ರಕ್ಕೂ ಸಂಬಂಧವಿದೆ, ಅವನೂ ಅಲ್ಲಿಂದಲೇ ತರಿಸಿದ್ದು. ಕರಪತ್ರದಲ್ಲಿ ಒಂದು ನಕ್ಷೆ ಇದೆ: ಒಂದೂಕಾಲು ಇಂಚು ಅಗಲ, ಹೊಟ್ಟೆ ದುಂಡಗೆ ಡಿ ಆಕಾರದಲ್ಲಿ, ಹಿಡಿಯೂ ಸೇರಿ ಇಡೀ ಬಿಲ್ಲು ಬಾಗುವ ಇಂಗ್ಲಿಷ್ ಉದ್ದಬಿಲ್ಲು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧಹಡಗು ಮೇರಿ ರೋಸನ್ನು 1982ರಲ್ಲಿ ಮೇಲೆತ್ತಿದರಲ್ಲ, ಅದರಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಆ ಜಾತಿಯವು. ಆದರೆ ಅವೆಲ್ಲ ಯೂ ಮರದವು. ಬೆನ್ನಿಗೆ ಹಿಗ್ಗುವ ಬಿಳಿಮರ, ಹೊಟ್ಟೆಗೆ ಕುಗ್ಗುವ ಚೇಗು, ಎರಡೂ ಒಂದೇ ತುಂಡಿನಲ್ಲಿ. ದುಂಡು ಹೊಟ್ಟೆಯಲ್ಲಿ ಒತ್ತಡವೆಲ್ಲ ನಡುವಿನ ಕಿರಿದಾದ ಏಣಿನ ಮೇಲೆ ಕೂರುತ್ತದೆ. ಯೂ ಅದನ್ನು ತಾಳಿಕೊಳ್ಳುತ್ತದೆ. ಲೋಕಸ್ಟಿಗೆ ಆ ಆಕಾರ ಕೊಡುವುದೆಂದರೆ ಅದರ ದುರ್ಬಲ ಜಾಗ ಹುಡುಕಿ ಅಲ್ಲಿಗೇ ಹೊರೆ ಹೊರಿಸಿದ ಹಾಗೆ. ಯಾವುದೋ ಯೂ ಬಿಲ್ಲಿನ ನಕ್ಷೆಯನ್ನು ಎಲ್ಲ ಮರಕ್ಕೂ ಒಂದೇ ಅಂತ ಮುದ್ರಿಸಿ ಕಳಿಸುವುದು ಸೋಮಾರಿತನ. ಬರೆದು ಕೇಳಿದೆ. ಉತ್ತರ ಬಂತು: ಬೇರೆ ಗಿರಾಕಿಗಳಿಂದ ದೂರು ಬಂದಿಲ್ಲವಂತೆ. ಒಂದು ಅಂಕ ಅಂದದ್ದು ಇದಕ್ಕೆ.

ಲೋಕಸ್ಟಿಗೆ ಬೇಕಾದದ್ದು ಅಗಲ, ತೆಳು, ಉದ್ದ. ಕಾರಣ ಸರಳ. ಬಿಲ್ಲಿನ ತೋಳಿನ ಅಗಲ ಎರಡುಪಟ್ಟು ಮಾಡಿದರೆ ಬಿಗಿತ ಎರಡುಪಟ್ಟಾಗುತ್ತದೆ. ದಪ್ಪ ಎರಡುಪಟ್ಟು ಮಾಡಿದರೆ ಎಂಟುಪಟ್ಟಾಗುತ್ತದೆ. ಆದರೆ ಹೊಟ್ಟೆಯ ಮೇಲ್ಮೈ ಎಷ್ಟು ಕುಗ್ಗಬೇಕು ಅನ್ನೋದು ದಪ್ಪದ ಮೇಲೆ ನಿಂತಿದೆ, ಅಗಲದ ಮೇಲಲ್ಲ. ಹಾಗಾಗಿ ಬೇಕಾದ ಪೌಂಡನ್ನು ಅಗಲದಿಂದ ಪಡೆದು ದಪ್ಪ ಇಳಿಸಿದರೆ ಹೊಟ್ಟೆ ಬದುಕುತ್ತದೆ. ನಾನು ಮಾಡಿದ್ದು ಕೊಪ್ಪಿನಿಂದ ಕೊಪ್ಪಿಗೆ, ಅಂದರೆ ಹೆದೆ ಸಿಕ್ಕಿಸುವ ಒಂದು ತುದಿಯಿಂದ ಇನ್ನೊಂದಕ್ಕೆ, 67 ಇಂಚು. ಹಿಡಿ ನಾಲ್ಕು ಇಂಚು, ಗಟ್ಟಿಯಾಗಿ, ಬಾಗದಂತೆ. ಹಿಡಿ ಮುಗಿದು ತೋಳು ಶುರುವಾಗುವಲ್ಲಿ ಅಗಲ ಎರಡು ಇಂಚಿಗೆ ಕೂದಲಷ್ಟು ಕಡಿಮೆ, ತೋಳಿನ ಅರ್ಧದವರೆಗೂ ಅದೇ ಅಗಲ, ಆಮೇಲೆ ಇಳಿಯುತ್ತಾ ತುದಿಯಲ್ಲಿ ಅರ್ಧ ಇಂಚು. ಹೊಟ್ಟೆ ಪೂರ್ತಿ ಸಪಾಟು, ಅಂಚುಗಳನ್ನು ಸ್ವಲ್ಪವೇ ಮುರಿದದ್ದು. ಇಷ್ಟಲ್ಲದೆ ಬೆನ್ನಿನ ಎರಡೂ ಅಂಚನ್ನು ಓರೆಯಾಗಿ ಕೆತ್ತಿ, ಬೆನ್ನು ಹೊಟ್ಟೆಗಿಂತ ಕಿರಿದಾಗುವಂತೆ ಮಾಡಿದೆ. ಬಲ ಜಾಸ್ತಿ ಇರುವ ಕಡೆ ಮರ ಕಡಿಮೆ ಮಾಡಿದರೆ ಹೊಟ್ಟೆಯ ಹೊರೆ ಇಳಿಯುತ್ತದೆ. ಬೆನ್ನು ಗಟ್ಟಿ ಇರುವ ಲೋಕಸ್ಟಿಗೆ ಈ ಉಪಾಯ ಒಪ್ಪುತ್ತದೆ.

ಒಣಗುವಿಕೆಯ ಮಾತು. ಬಂದಾಗ ತೇವಾಂಶದ ಮೀಟರ್ 13 ಶೇಕಡಾ ತೋರಿಸಿತು. ಬಿಲ್ಲು ಬಾಗಿಸಲು ಎಂಟರಿಂದ ಹತ್ತು ಇರಬೇಕು. ತೇವ ಇರುವ ಮರವನ್ನು ಬಾಗಿಸಿದರೆ ಮುರಿಯುವುದಿಲ್ಲ, ಆದರೆ ಬಾಗಿದ ಹಾಗೇ ಉಳಿದುಬಿಡುತ್ತದೆ. ಈ ಉಳಿದ ಬಾಗನ್ನು ಸೆಟ್ ಅನ್ನುತ್ತಾರೆ, ಒಮ್ಮೆ ಬಂದರೆ ಅಷ್ಟರ ಮಟ್ಟಿಗೆ ಬಿಲ್ಲಿನ ವೇಗ ಹೋಯಿತು. ಹಾಗಾಗಿ ಒರಟಾಗಿ ಬಿಲ್ಲಿನ ಆಕಾರಕ್ಕೆ ಕೆತ್ತಿ, ಬೆನ್ನಿಗೆ ಶೆಲ್ಯಾಕ್ ಬಳಿದು, ನೇರ ಹಲಗೆಗೆ ಕ್ಲ್ಯಾಂಪ್ ಹಾಕಿ ಒಣ ಕೋಣೆಯಲ್ಲಿಟ್ಟೆ. ತೂಕ ಇಳಿಯುವುದು ನಿಂತ ಮೇಲೆ ಮುಂದಿನ ಕೆಲಸ. ಚೆನ್ನಾಗಿ ಒಣಗಿದೆ ಅನ್ನೋದು ಮುಕ್ಕಾಲು ನಿಜ ಅಂದದ್ದು ಇದಕ್ಕೆ. ಅವಸರದವರು ಬಂದ ದಿನವೇ ಬಾಗಿಸಿ ಮರವನ್ನು ಬೈಯುತ್ತಾರೆ.

ಹದ ಮಾಡುವ ಕೆಲಸ, ಟಿಲ್ಲರಿಂಗ್. ಬಿಲ್ಲು ಮಾಡುವುದು ಅಂದರೆ ನಿಜವಾಗಿ ಇದೇ, ಉಳಿದದ್ದು ಬಡಗಿ ಕೆಲಸ. ಎರಡೂ ತೋಳು ಉದ್ದಕ್ಕೂ ತಮ್ಮ ಪಾಲಿನಷ್ಟು ಬಾಗುವ ಹಾಗೆ ಹೊಟ್ಟೆಯಿಂದ ಮರ ಕೀಸುತ್ತಾ ಹೋಗಬೇಕು. ಹಿಕರಿಯಲ್ಲಿ ಒಂದು ಕಡೆ ಜಾಸ್ತಿ ಬಾಗಿದರೂ ಅದು ಸಹಿಸಿಕೊಳ್ಳುತ್ತದೆ, ನಾವು ಎಚ್ಚೆತ್ತು ಸರಿಪಡಿಸಲು ಹೊತ್ತು ಕೊಡುತ್ತದೆ. ಲೋಕಸ್ಟ್ ಕೊಡುವುದಿಲ್ಲ. ಅಂಗೈ ಅಗಲದ ಜಾಗ ಉಳಿದ ತೋಳಿಗಿಂತ ಜಾಸ್ತಿ ಬಾಗಿತೋ, ಗೆರೆ ಬೀಳುವುದು ಅಲ್ಲೇ. ಹೊಸಬರ ಕೈಯಲ್ಲಿ ಅಂಥ ಜಾಗ ಉಳಿಯದೆ ಇರುವುದು ಎಲ್ಲಿ? ಹೊಸಬರಿಗೆ ಹೇಳಿ ಮಾಡಿಸಿದ ಮರ ಅನ್ನೋದು ಸುಳ್ಳಾಗುವುದು ಇಲ್ಲಿ.

ನನ್ನ ಪದ್ಧತಿ ಹೀಗೆ. ಮೊದಲು ತುದಿಯನ್ನು ನೆಲಕ್ಕೊತ್ತಿ ಬಾಗಿಸಿ ನೋಡುವುದು. ಆಮೇಲೆ ಸಡಿಲವಾದ ಉದ್ದ ದಾರ ಕಟ್ಟಿ ಬಿಲ್ಲಿನ ಹಿಡಿ ಕೂರಿಸಲು ಗೋಡೆಗೆ ಬಿಗಿದ ಟಿಲ್ಲರಿಂಗ್ ಮರಕ್ಕೆ ಕೂರಿಸಿ, ರಾಟೆಯ ಹಗ್ಗದಿಂದ ಎಳೆಯುತ್ತಾ ದೂರ ನಿಂತು ನೋಡುವುದು. ಎರಡೂ ಕಡೆ ಮುಷ್ಟಿಯಷ್ಟು ಚೆನ್ನಾಗಿ ಬಾಗಿದ ಮೇಲೆ ನಿಜವಾದ ಹೆದೆಯನ್ನು ಮೊದಲು ತಗ್ಗಾಗಿ ಏರಿಸುವುದು. ಪ್ರತಿ ಸಲ ಕೀಸಿದ ಮೇಲೂ ಅದೇ ಎಳೆತಕ್ಕೆ ಇಪ್ಪತ್ತು ಮೂವತ್ತು ಸಲ ಎಳೆದು ಬಿಡುವುದು, ಯಾಕೆಂದರೆ ಕೀಸಿದ್ದು ಬಾಗಿನಲ್ಲಿ ಕಾಣಲು ಮರಕ್ಕೆ ಅಷ್ಟು ಎಳೆತ ಬೇಕು. ಒಂದು ನಿಯಮ ಮಾತ್ರ ಮುರಿಯುವುದಿಲ್ಲ: ಕೊನೆಗೆ ಎಷ್ಟು ಪೌಂಡ್ ಬೇಕೋ ಅದಕ್ಕಿಂತ ಹೆಚ್ಚು ಭಾರದಲ್ಲಿ ಯಾವ ಹಂತದಲ್ಲೂ ಎಳೆಯುವುದಿಲ್ಲ. ತಕ್ಕಡಿ ನಲವತ್ತೆರಡು ತೋರಿಸಿದರೆ, ಎಳೆತ ಇನ್ನೂ ಹದಿನೈದೇ ಇಂಚು ಆಗಿರಲಿ, ಅಲ್ಲಿಗೆ ನಿಲ್ಲಿಸಿ ಮತ್ತೆ ಕೀಸುವುದು.

ಕಣ್ಣನ್ನು ನಂಬಲಾಗದ ಕಡೆ ಒಂದು ಅಗ್ಗದ ಉಪಕರಣ ಬಹಳ ಸಹಾಯ. ಐದಿಂಚು ಉದ್ದದ ಸಪಾಟು ಮರದ ತುಂಡು, ನಡುವೆ ತೂತು, ತೂತಿನಲ್ಲಿ ಪೆನ್ಸಿಲ್. ಬಾಗಿಸಿದ ಬಿಲ್ಲಿನ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಾಗಿದ ಜಾಗಕ್ಕೆ ಇಟ್ಟು ಪೆನ್ಸಿಲ್ಲಿನ ಮೊನೆ ಮರಕ್ಕೆ ಕೂದಲಷ್ಟು ದೂರ ಇರುವಂತೆ ಬಿಗಿಯುತ್ತೇವೆ. ಬಾಗಿದ ಬಿಲ್ಲಿನ ಹೊಟ್ಟೆಯ ಮೇಲೆ ಇದನ್ನು ಜಾರಿಸಿಕೊಂಡು ಹೋದರೆ ಕಡಿಮೆ ಬಾಗಿದ ಕಡೆಯೆಲ್ಲ ಪೆನ್ಸಿಲ್ ಗೆರೆ ಎಳೆಯುತ್ತದೆ. ಗೆರೆ ಬಿದ್ದಲ್ಲಿ ಕೀಸು, ಬೀಳದಲ್ಲಿ ಮುಟ್ಟಬೇಡ. ಲೋಕಸ್ಟಿನ ತಿಳಿ ಹೊಟ್ಟೆಯ ಮೇಲೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೀಸಲಿಕ್ಕೂ ಈ ಮರ ಚಂದ. ಹರಿತವಾದ ಸ್ಕ್ರೇಪರ್ ಇದ್ದರೆ ಉಣ್ಣೆಯಷ್ಟು ಸಣ್ಣ ಸುರುಳಿ ಬರುತ್ತದೆ, ಮೊಂಡಾದರೆ ಬರೀ ಪುಡಿ. ಅರ ಹಾಕುವುದು ಒರಟು ಹಂತಕ್ಕೆ ಮಾತ್ರ ಇರಲಿ. ಅರದ ಗೀರುಗಳನ್ನು ಕೊನೆಯ ಎಳೆತಕ್ಕೆ ಮುಂಚೆ ಪೂರ್ತಿ ತೆಗೆಯಬೇಕು, ಗೀರು ಯಾವುದು ಕ್ರಿಸಲ್ ಯಾವುದು ಅನ್ನೋ ಗೊಂದಲ ಬೇಡ.

ಹಿಡಿಯ ಹತ್ತಿರ ತುಂಡು ಪಕ್ಕಕ್ಕೆ ಸ್ವಲ್ಪ ವಾಲಿತ್ತು, ಹೆದೆ ಹಿಡಿಯ ನಡುವೆ ಬೀಳುತ್ತಿರಲಿಲ್ಲ. ಹೀಟ್ ಗನ್ನಿನಿಂದ ನಿಧಾನಕ್ಕೆ ಕಾಯಿಸಿ, ಕ್ಲ್ಯಾಂಪಿನಲ್ಲಿ ತಿರುಗಿಸಿ ಆರಲು ಬಿಟ್ಟೆ, ಸರಿಹೋಯಿತು. ಹೊಟ್ಟೆಯನ್ನೇ ಕಂದಾಗುವವರೆಗೆ ಸುಟ್ಟು ಗಡಸು ಮಾಡುವ ವಿಷಯದಲ್ಲಿ ಮಾಡುವವರ ನಡುವೆಯೇ ಒಮ್ಮತವಿಲ್ಲ. ನಾನು ಈ ಬಿಲ್ಲಿಗೆ ಮಾಡಲಿಲ್ಲ, ಬೇಕಾಗಲೂ ಇಲ್ಲ.

ದೂಳಿನ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. ಈ ಗಿಡದ ತೊಗಟೆ, ಎಲೆ, ಬೀಜ ವಿಷ. ಗೂಟಕ್ಕೆ ಕಟ್ಟಿದ ಕುದುರೆಗಳು ತೊಗಟೆ ಕಚ್ಚಿ ಕಾಯಿಲೆ ಬೀಳುತ್ತವೆ. ಮರದ ದೂಳು ಕಣ್ಣಿಗೂ ಚರ್ಮಕ್ಕೂ ಉರಿ. ಮರಳು ಕಾಗದ ಹಿಡಿಯುವಾಗ ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಹಾಕಿ. ಸ್ಕ್ರೇಪರಿನಲ್ಲೇ ಕೆಲಸ ಮುಗಿಸಿದರೆ ದೂಳಿನ ತಲೆನೋವು ಅರ್ಧ ಕಡಿಮೆ. ತೊಗಟೆಯ ಸಿಪ್ಪೆಗಳನ್ನು ದನ ಕುದುರೆ ಓಡಾಡುವ ಕಡೆ ಎಸೆಯಬೇಡಿ. ಮಾರುವವನ ಕರಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಬಿಲ್ಲು ಕೊನೆಗೆ 27 ಇಂಚಿನ ಎಳೆತಕ್ಕೆ 42 ಪೌಂಡ್ ನಿಂತಿತು. ಡಕ್ರಾನ್ ದಾರದ ಹೆದೆ, ಹೆದೆಗೂ ಹಿಡಿಗೂ ಆರು ಇಂಚಿನ ಅಂತರ. ಟಂಗ್ ಎಣ್ಣೆ ಹಚ್ಚಿ ಮೇಲೆ ಮೇಣ ತಿಕ್ಕಿದ್ದೇನೆ. ಚೆನ್ನಾಗಿ ಬಾಣ ಬಿಟ್ಟು ಪಳಗಿಸಿದ ಮೇಲೆ ಸೆಟ್ ಒಂದೂಕಾಲು ಇಂಚು. ಎರಡು ಇಂಚಿನೊಳಗಿದ್ದರೆ ಒಳ್ಳೆಯದೆಂದೇ ಲೆಕ್ಕ. ವೇಗ ಅಳೆಯುವ ಯಂತ್ರ ನನ್ನಲ್ಲಿಲ್ಲ, ಹಾಗಾಗಿ ಅಂಕಿ ಹೇಳುವುದಿಲ್ಲ. ಕೈಗೆ ಗೊತ್ತಾಗುವಷ್ಟು ಹೇಳಬಹುದು: ಅದೇ ಬಾಣ, ಅದೇ ಪೌಂಡಿನ ನನ್ನ ಹಿಕರಿ ಬಿಲ್ಲಿಗಿಂತ ಇದು ಚುರುಕು, ಬಿಟ್ಟ ಮೇಲೆ ಕೈಗೆ ಹೊಡೆತವೂ ಕಡಿಮೆ. ಮಳೆಗಾಲದ ಗಾಳಿಯಲ್ಲಿ ಹಿಕರಿ ನೀರು ಹೀರಿ ಜಡವಾಗುತ್ತದೆ. ಲೋಕಸ್ಟ್ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆಸೇಜಿಗೆ ಸಮವೇ? ಅಲ್ಲ. ಆಸೇಜಿನ ಹೊಟ್ಟೆ ಎಷ್ಟು ಕಿರಿದಾದರೂ ತಾಳುತ್ತದೆ, ಅದರಲ್ಲಿ ಒಂದೂವರೆ ಇಂಚಿನ ಬಿಲ್ಲು ಯೋಚನೆ ಇಲ್ಲದೆ ಮಾಡಬಹುದು. ಲೋಕಸ್ಟ್ ಬಡವರ ಆಸೇಜ್ ಅಂತ ಹೇಳಿ ಮಾರುವವರಿದ್ದಾರೆ. ಆಸೇಜ್ ಅಂದುಕೊಂಡು ಕೆತ್ತಿದರೆ ಬಿಲ್ಲು ಗೋಡೆಗೇ ಹೋಗುತ್ತದೆ. ಆದರೆ ಆಸೇಜಿನ ನೇರವಾದ, ಗಂಟಿಲ್ಲದ ತುಂಡು ಸಿಗುವುದೇ ಕಷ್ಟ, ಲೋಕಸ್ಟಿನದು ಅದಕ್ಕಿಂತ ಸಲೀಸಾಗಿ ಸಿಗುತ್ತದೆ.

ಮೊದಲ ಬಿಲ್ಲು ಮಾಡುವವರು ಹಿಕರಿಯನ್ನೋ ಎಲ್ಮನ್ನೋ ಹಿಡಿಯಿರಿ. ಒಂದೆರಡು ಬಿಲ್ಲಿಗೆ ಹದ ತಂದು ಕೈ ಕುದುರಿದವರು ಇದನ್ನು ಧಾರಾಳವಾಗಿ ತರಿಸಬಹುದು. ನಾನು ಅದೇ ಕಡೆಯಿಂದ ಇನ್ನೊಂದು ತುಂಡಿಗೆ ಹೇಳಿದ್ದೇನೆ. ಈ ಸಲ ನೇರ ಇದೆಯೋ ಇಲ್ಲವೋ ಅಂತ ಕೇಳಲಿಲ್ಲ, ನೇರ ಇಲ್ಲದ್ದನ್ನು ಕಾಯಿಸಿ ಸರಿಮಾಡಬಹುದು. ಕಡಿದ ತುದಿಯ ಫೋಟೋ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕಳಿಸಿ ಅಂದೆ, ಬಳೆಯ ದಪ್ಪವೂ ಬೆನ್ನಿನ ಉಬ್ಬೂ ಅದರಲ್ಲೇ ಕಾಣುತ್ತವೆ. ಮರ ಕಡಿದದ್ದು ಯಾವಾಗ ಅಂತಲೂ ಕೇಳಿದೆ. ಫೋಟೋ ಬಂದಿದೆ, ಬಳೆ ಚೆನ್ನಾಗಿವೆ. ಕಡಿದ ತಾರೀಖು ಮಾತ್ರ ಇನ್ನೂ ಬಂದಿಲ್ಲ.